ನಿನಗ ರೂಢಿ ಇರ್ತದಲ್ಲ

ಮುಂಬೈ ಹತ್ತಿರದ ಡೊಂಬಿವ್ಲಿಯ ಆ ಕೇಂದ್ರಕ್ಕೆ ಪೂನಂ ಕಾಲಿಟ್ಟ ಮೊದಲ ದಿನ ಪ್ರಭಾ ಮೇಡಂ ಬಹಳ ಪ್ರೀತಿಯಿಂದ ಮಾತಾಡಿಸಿದರು. ಕನ್ನಡದ ಹುಡುಗಿ ಎಂದು ತಿಳಿದದ್ದೇ ಅವರ ಮುಖ ಅರಳಿತು. ತಾವೇ ಕುರ್ಚಿ ಎಳೆದು ಕೂರಿಸಿದರು. ಚಹಾ ಹೇಳಿದರು.

“ಯಾವೂರವ್ವ ನಿಮ್ಮದು?”

“ಹುಟ್ಟಿದ್ದು ತುರ್ಭೇದಾಗರಿ. ಅಪ್ಪ ಅವ್ವಂದು ಇಂಡಿ ಕಡೆ.”

“ಅಯ್ಯ, ಇಂಡಿ ಅಂದ್ರ ನನ್ನ ತವರಮನಿ! ಇಂಡಿ ತಾಲೂಕಿನಾಗ ಎಲ್ಲಿ?”

ಪೂನಂ ಹಳ್ಳಿಯ ಹೆಸರು ಹೇಳಿದಳು. ಮೇಡಂಗೆ ಹಳ್ಳಿಯೂ ಗೊತ್ತಿತ್ತು. ಅಲ್ಲಿಯ ಗೌಡರ ಮನೆ ಗೊತ್ತಿತ್ತು. ಸಿಹಿನೀರಿನ ಬಾವಿ ಗೊತ್ತಿತ್ತು.

“ನಿಮ್ಮ ಮನಿ ಅಗಸಿ ಒಳಗೋ, ಹೊರಗೋ?”

ಪೂನಂ ಆ ಊರಿಗೆ ಹೋಗಿದ್ದು ಸಣ್ಣವಳಿದ್ದಾಗ, ಅಜ್ಜಿ ತೀರಿಕೊಂಡಾಗ. ಊರ ಬಾಗಿಲಿನ ಕಲ್ಲಿನ ಕಮಾನು ನೆನಪಿತ್ತು. ಅವರು ಅದನ್ನು ದಾಟಿ ಒಳಗೆ ಹೋಗಿರಲಿಲ್ಲ.

“ಹೊರಗರಿ,” ಎಂದಳು.

“ಹೌದಾ,” ಎಂದರು ಮೇಡಂ. “ಛಲೋ ಆತು.”

ಚಹಾ ಬಂತು. ಮೇಡಂಗೆ ಕಪ್ಪಿನಲ್ಲಿ. ಜೊತೆಗೆ ಬಂದಿದ್ದ ಸಹಪಾಠಿ ನಿಶಾಗೆ ಕಪ್ಪಿನಲ್ಲಿ. ಮೇಡಂ ಒಳಗೆ ಹೋಗಿ ಏನೋ ಹೇಳಿ ಬಂದ ಮೇಲೆ ಪೂನಂಗೆ ಕಾಗದದ ಲೋಟದಲ್ಲಿ.

ಮರಾಠಿಯವರು ಅವಳ ಅಡ್ಡಹೆಸರು ಕೇಳಿ ಗೊಂದಲಕ್ಕೆ ಬಿದ್ದು ಸುಮ್ಮನಾಗುತ್ತಿದ್ದರು. ಹಿಂದಿಯವರಿಗೆ ಅವಳು ಬರೀ ಮದ್ರಾಸಿ. ಇಷ್ಟು ದೊಡ್ಡ ಶಹರದಲ್ಲಿ ಅವಳ ಜಾತಿಗೆ ಹೋಗುವ ದಾರಿ ಗೊತ್ತಿದ್ದದ್ದು ಅವಳ ತಾಯಿಭಾಷೆಗೆ ಮಾತ್ರ.

ಪೂನಂ ಎಂ.ಎಡ್. ಎರಡನೆಯ ವರ್ಷದಲ್ಲಿದ್ದಳು. ವಿಶೇಷ ಶಿಕ್ಷಣ. ಅದರಲ್ಲೂ ಇನ್ನೂ ಶಾಲೆಯ ವಯಸ್ಸಾಗದ ಸಣ್ಣ ಮಕ್ಕಳದ್ದು. ಕಾಲೇಜು ಠಾಣೆ ಶಹರದಲ್ಲಿ. ತರಬೇತಿಗೆಂದು ಕಾಲೇಜಿನವರು ಅವಳನ್ನೂ ನಿಶಾಳನ್ನೂ ಈ ಕೇಂದ್ರಕ್ಕೆ ಕಳಿಸಿದ್ದರು. ಮಾತು ಬಾರದ, ನಡಿಗೆ ಬಾರದ, ಕರೆದರೆ ತಿರುಗದ ಮಕ್ಕಳು ಬರುವ ಜಾಗ. ಉಡುಪಿ ಕಡೆಯ ಹೋಟೆಲ್ ಮಾಲೀಕ ತಾರಾನಾಥರ ಟ್ರಸ್ಟು ಅದನ್ನು ನಡೆಸುತ್ತಿತ್ತು. ಪ್ರಭಾ ಮೇಡಂ ಮುಖ್ಯಸ್ಥೆ. ನಿಶಾ ತಾರಾನಾಥರ ತಂಗಿಯ ಮಗಳು.

ಪೂನಂ ಈ ಓದನ್ನೇ ಹಿಡಿದದ್ದು ತಮ್ಮ ಚನ್ನುವಿನಿಂದ. ಚನ್ನುವಿಗೆ ಕಿವಿ ಕೇಳುತ್ತಿರಲಿಲ್ಲ. ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಅಪ್ಪ ವೀರಭದ್ರಪ್ಪ ತುರ್ಭೆಯ ಮಾರ್ಕೆಟ್ಟಿನಲ್ಲಿ ಮೂಟೆ ಹೊರುತ್ತಿದ್ದ. ಅವ್ವ ಮಹಾದೇವಕ್ಕ ಸೊಸೈಟಿಗಳ ಮೆಟ್ಟಿಲು, ಕಕ್ಕಸು ತೊಳೆಯುತ್ತಿದ್ದಳು. ಹುಡುಗ ಹಟಮಾರಿ ಎಂದುಕೊಂಡರು. ಕೂಗಿದರೆ ತಿರುಗದ್ದಕ್ಕೆ ಹೊಡೆದರು. ಶಾಲೆಯವರು ದಡ್ಡ ಎಂದು ಹಿಂದಿನ ಬೆಂಚಿಗೆ ತಳ್ಳಿದರು. ಕೊನೆಗೊಮ್ಮೆ ಸರಕಾರಿ ಆಸ್ಪತ್ರೆಯ ಡಾಕ್ಟರು, ಎಳೆಯ ವಯಸ್ಸಿನಲ್ಲೇ ತಂದಿದ್ದರೆ ಮಾತು ಬರುತ್ತಿತ್ತು, ಈಗ ತಡವಾಯಿತು ಎಂದರು. ಈಗ ಚನ್ನು ಅಪ್ಪನ ಜೊತೆ ಮೂಟೆ ಹೊರುತ್ತಾನೆ. ಹಿಂದಿನಿಂದ ಬರುವ ಟೆಂಪೋದ ಹಾರ್ನು ಅವನಿಗೆ ಕೇಳಿಸುವುದಿಲ್ಲ. ಅದಕ್ಕೇ ಅಪ್ಪ ಯಾವಾಗಲೂ ಅವನ ಬೆನ್ನ ಹಿಂದೆ ನಡೆಯುತ್ತಾನೆ.

ಮರುದಿನವೇ ಮೇಡಂ ಪೂನಂಳನ್ನು ಕರೆದರು.

“ನಮ್ಮ ಆಯಾ ಮಾವಶಿ ಕೆಲಸಾ ಬಿಟ್ಟಾಳ. ಹೊಸಾಕಿ ಸಿಗೂತನಾ ಮಕ್ಕಳ ಸಂಡಾಸ, ಬಟ್ಟಿ, ಅದು ಇದು ನೀ ಸಂಭಾಳಿಸವ್ವ.”

“ನಾನು, ನಿಶಾ ಪಾಳಿ ಹಚ್ಚಿ ಮಾಡ್ತೀವ್ರಿ ಮೇಡಂ.”

“ಆಕಿ ಕಡಿಂದ ಆಗಂಗಿಲ್ಲ. ನಿನಗ ರೂಢಿ ಇರ್ತದಲ್ಲ.”

ಪೂನಂ ಒಪ್ಪಿಕೊಂಡಳು. ಮಗು ತನ್ನ ಚಡ್ಡಿ ತಾನು ಇಳಿಸುವುದು, ತಾನು ಕೂರುವುದು, ತಾನು ಕೈ ತೊಳೆಯುವುದು ಅಕ್ಷರಕ್ಕಿಂತ ಮೊದಲಿನ ಪಾಠ ಎಂದು ಅವಳು ಓದಿದ್ದಳು. ನಿಶಾ ಕೂಡ ಅದನ್ನೇ ಓದಿದ್ದಳು. ಪರೀಕ್ಷೆಯಲ್ಲಿ ಆ ಪ್ರಶ್ನೆಗೆ ನಿಶಾಗೆ ಹೆಚ್ಚು ಅಂಕ ಬಂದಿತ್ತು.

ಹೊಸ ಮಾವಶಿ ಬರಲಿಲ್ಲ. ಬರುವ ಅಗತ್ಯ ಇರಲಿಲ್ಲ.

ಬೆಳಿಗ್ಗೆ ತುರ್ಭೆಯಿಂದ ಠಾಣೆ, ಠಾಣೆಯಲ್ಲಿ ಸೇತುವೆ ಹತ್ತಿಳಿದು ಡೊಂಬಿವ್ಲಿಯ ಗಾಡಿ. ಕೇಂದ್ರಕ್ಕೆ ಬಂದೊಡನೆ ಸಲ್ವಾರು ಮೇಲೆತ್ತಿ ಕಟ್ಟುತ್ತಿದ್ದಳು. ಒದ್ದೆ ನೆಲದಲ್ಲಿ ಮೊಣಕಾಲೂರಿ ಒಂದೊಂದು ಮಗುವನ್ನೂ ಎತ್ತುವುದು, ಕೂರಿಸುವುದು, ತೊಳೆಯುವುದು, ಒರೆಸುವುದು. ಒದೆಯುವ ಮಕ್ಕಳು. ಕಚ್ಚುವ ಮಕ್ಕಳು. ಎತ್ತಿದರೆ ಹಲಗೆಯ ಹಾಗೆ ಸೆಟೆದುಕೊಳ್ಳುವ ಮಕ್ಕಳು. ಆಮೇಲೆ ಬಟ್ಟೆ ಹಿಂಡಬೇಕು. ಆಮೇಲೆ ಫಿನಾಯಿಲು. ಬೆರಳ ಸಂದಿಯ ಚರ್ಮ ಸುಲಿದು ಉರಿಯುತ್ತಿತ್ತು. ಸೊಂಟ ಹಿಡಿದುಕೊಳ್ಳುತ್ತಿತ್ತು. ಪಕ್ಕದ ಕೋಣೆಯಲ್ಲಿ ನಿಶಾ ಬಣ್ಣದ ಉಂಗುರ ಹಿಡಿದು ಪಾಠ ಮಾಡುತ್ತಿದ್ದಳು. ಅದರ ವಿಡಿಯೋ ಆಗುತ್ತಿತ್ತು.

ಮಧ್ಯಾಹ್ನ ಊಟಕ್ಕೆ ಕೂತರೆ, “ಕೈ ಛಂದಾಗಿ ತೊಳಕೊಂಡಿಯೇನು?” ಎಂದು ಮೇಡಂ ಎಲ್ಲರೆದುರು ಕೇಳುತ್ತಿದ್ದರು. ಪೂನಂಳನ್ನು ಮಾತ್ರ ಕೇಳುತ್ತಿದ್ದರು. ಆಮೇಲಾಮೇಲೆ ಪೂನಂ ತನ್ನ ಡಬ್ಬಿ ತೆಗೆದುಕೊಂಡು ಹೊರಗಿನ ಮೆಟ್ಟಿಲಿಗೆ ಹೋಗತೊಡಗಿದಳು. ಯಾರೂ ಯಾಕೆ ಎಂದು ಕೇಳಲಿಲ್ಲ. ಮಕ್ಕಳಿಗೆ ಊಟ ಮಾಡಿಸುವ ಕೆಲಸ ಅವಳಿಗೆ ಒಂದು ದಿನವೂ ಬರಲಿಲ್ಲ.

ಆ ಮಕ್ಕಳಲ್ಲಿ ಕಿಟ್ಟು ಒಬ್ಬ. ನಾಲ್ಕು ವರ್ಷದವನು. ಕಾಲು ಬಿಗಿದುಕೊಂಡಿದ್ದವು. ಮಾತು ಬಂದಿರಲಿಲ್ಲ. ಅವನ ತಂದೆ ತಾರಾನಾಥರ ಹೋಟೆಲಿನಲ್ಲಿ ಅಡಿಗೆಯವನು, ಹಾಗಾಗಿ ಕೇಂದ್ರದಲ್ಲಿ ಜಾಗ ಸಿಕ್ಕಿತ್ತು. ತಾಯಿ ವಾರಿಜಾ ಅವನನ್ನು ಸೊಂಟದ ಮೇಲೆ ಹೊತ್ತು ತಂದು, ಮುಗಿಯುವವರೆಗೂ ಹೊರಗಿನ ಬೆಂಚಿನಲ್ಲಿ ಕೂತಿರುತ್ತಿದ್ದಳು.

ಪೂನಂಗೆ ಪಾಠ ಕೊಡದಿದ್ದರೂ ಅವಳು ಪಾಠ ಮಾಡಿದಳು. ಕಕ್ಕಸಿನಲ್ಲೇ ಮಾಡಿದಳು. ಮೇಡಂ ಹಿಂದೆ ಬಿದ್ದು ಗೋಡೆಗೊಂದು ಸರಳು ಹಾಕಿಸಿದಳು. ಕಿಟ್ಟು ಸರಳು ಹಿಡಿದು ನಿಲ್ಲುವುದು ಕಲಿತ. ಹೊಟ್ಟೆ ಒತ್ತಿ ಬಂದಾಗ ಕಿವಿ ಎಳೆದುಕೊಳ್ಳುತ್ತಾನೆ ಎಂದು ಗಮನಿಸಿದಳು. ಎಳೆದ ಕೂಡಲೇ ಎತ್ತಿಕೊಂಡು ಓಡಿದಳು. ಹಾಗೆ ಓಡಿ ಓಡಿ, ಕಿವಿ ಎಳೆದರೆ ಇವಳು ಬರುತ್ತಾಳೆ ಎಂದು ಅವನಿಗೆ ತಿಳಿಯಿತು. ಆಮೇಲೆ ಬೇಕೆಂದೇ ಎಳೆಯತೊಡಗಿದ. ಹೇಳಿದರೆ ಯಾರಾದರೂ ಕೇಳುತ್ತಾರೆ ಎಂಬುದು ಅವನು ಕಲಿತ ಮೊದಲ ಮಾತು. ಎರಡನೆಯದು ‘ಟೀ’. ವಾರಿಜಾ ಪೂನಂಳನ್ನು ಟೀಚರ್ ಎಂದು ಕರೆಯುತ್ತಿದ್ದಳು, ಅದರಿಂದ. ಆ ಕೇಂದ್ರದಲ್ಲಿ ಅವಳನ್ನು ಹಾಗೆ ಕರೆಯುತ್ತಿದ್ದವರು ಅವರಿಬ್ಬರೇ.

“ಮೇಡಂ, ನನಗೂ ಒಂದೆರಡು ಪಾಠ ಕೊಡ್ರಿ. ಪರೀಕ್ಷಾ ಹತ್ರ ಬಂತು,” ಎಂದು ಪೂನಂ ಕೇಳಿದಳು.

“ಕೊಡೂಣಂತ. ಆದ್ರ ಪಾಲಕರು ಏನರೆ ಅಂತಾರವ್ವ. ಸ್ವಲ್ಪ ತಿಳಕೋ.”

ತಿಳಿದುಕೊಳ್ಳುವ ಕೆಲಸವೂ ಅವಳಿಗೇ ಬಿತ್ತು.

ಪರೀಕ್ಷೆಯ ಹಿಂದಿನ ವಾರ ಮೇಡಂ ಕರೆದು ಹೇಳಿದರು. ಪರೀಕ್ಷಕರ ಮುಂದೆ ನಿಶಾ ಕಿಟ್ಟುವಿಗೆ ಪಾಠ ಮಾಡುತ್ತಾಳೆ. ಪೂನಂಗೆ ಮರುದಿನ, ಆ ವಾರವಷ್ಟೇ ಸೇರಿದ ಬೇರೊಂದು ಮಗು. ಅದು ಇನ್ನೂ ಅಮ್ಮನ ಸೆರಗು ಬಿಡುತ್ತಿರಲಿಲ್ಲ.

“ಕಿಟ್ಟು ನನ್ನ ಹುಡುಗ ಅಲ್ಲೇನ್ರಿ?”

“ನಿನ್ನ ಹುಡುಗ ಹೆಂಗಾಗ್ತಾನ? ಕೇಂದ್ರದ ಹುಡುಗ. ನೀ ಛಲೋ ತಯಾರ ಮಾಡಿಟ್ಟೀದಿ. ಈಗ ಆಕಿ ಪಾಠ ಮಾಡ್ತಾಳ. ನೀ ಬಾಜೂಕ ಕೂಡು. ಏನರೆ ಆದ್ರ ನೋಡಕೋ.”

ಮನೆಗೆ ಬಂದು ಪೂನಂ ಅವ್ವನ ಮುಂದೆ ಎಲ್ಲ ಹೇಳಿದಳು. ಮಹಾದೇವಕ್ಕ ಆಗಷ್ಟೇ ಕೆಲಸದಿಂದ ಬಂದು ಹಿಮ್ಮಡಿಗೆ ಎಣ್ಣೆ ತಿಕ್ಕುತ್ತಿದ್ದಳು. ಆಸಿಡ್ಡಿಗೆ ಅವಳ ಹಿಮ್ಮಡಿ ಸೀಳುಬಿಟ್ಟಿದ್ದವು.

“ಮೂಗು ಮುಚಗೊಂಡು ಪಾಸಾಗು,” ಎಂದಳು. “ನಾ ತೊಳಿಯಂಗಿಲ್ಲೇನು? ಸತ್ತೀನೇನು?”

“ನೀ ತೊಳದಿದ್ದು ನಾ ತೊಳೀಬಾರದಂತ ಅಲ್ಲೇನವ್ವಾ?”

ಮಹಾದೇವಕ್ಕ ಎಣ್ಣೆಯ ಬಟ್ಟಲು ಪಕ್ಕಕ್ಕೆ ಸರಿಸಿದಳು.

“ಡಿಗ್ರಿ ಕೈಗಿ ಬರಲಿ. ಆಮ್ಯಾಲ ಬೇಕಾದಷ್ಟು ಒದರು. ಈಗ ಬಾಯಿ ತಗದ್ರ ಹೊರಗ ಹಾಕ್ತಾರ. ಹೊರಗ ಹಾಕೂದು ಅವ್ರಿಗೇನು ಹೊಸಾದೇನು?”

ಪರೀಕ್ಷೆಯ ದಿನ ಕೇಂದ್ರಕ್ಕೆ ತೋರಣ ಕಟ್ಟಿದ್ದರು. ತಾರಾನಾಥರು ಬಿಳಿ ಅಂಗಿಯಲ್ಲಿ ಬಂದು ಮುಂದಿನ ಕುರ್ಚಿಯಲ್ಲಿ ಕೂತರು. ಅವರ ಪಕ್ಕದಲ್ಲಿ ಪರೀಕ್ಷಕ, ಪುಂಡರೀಕಾಕ್ಷ ಎಂಬ ಪ್ರೊಫೆಸರ್. ಮೈಸೂರು ಕಡೆಯವರು, ಪುಣೆಯಲ್ಲಿ ನೆಲೆಸಿದವರು. ಪೂನಂ ಗೋಡೆಯ ಬದಿಯ ಕುರ್ಚಿಯಲ್ಲಿ ಕೂತಳು.

ನಿಶಾ ಕಿಟ್ಟುವಿನ ಮುಂದೆ ಬಣ್ಣದ ಉಂಗುರಗಳನ್ನಿಟ್ಟಳು. “ರೆಡ್ ಕಿಧರ್ ಹೈ? ಕಿಟ್ಟು, ರೆಡ್?” ಕಿಟ್ಟು ಉಂಗುರ ನೋಡಲಿಲ್ಲ. ಕಿವಿ ಎಳೆದ.

ಪೂನಂ ಅರ್ಧ ಎದ್ದಳು. ಮೇಡಂ ಕಣ್ಣಲ್ಲೇ ಕೂಡು ಎಂದರು. ಪಾಠದ ನಡುವೆ ಯಾರೂ ಏಳಕೂಡದು ಎಂದು ಬೆಳಿಗ್ಗೆಯೇ ಹೇಳಿದ್ದರು.

ಕಿಟ್ಟು ಮತ್ತೆ ಕಿವಿ ಎಳೆದ. ಪೂನಂ ಕಡೆ ತಿರುಗಿ ಜೋರಾಗಿ ಎಳೆದ. ಕಿವಿ ಕೆಂಪಾಯಿತು. ನಿಶಾ ಅವನ ಗಲ್ಲ ಹಿಡಿದು ಮುಖವನ್ನು ಉಂಗುರದ ಕಡೆ ತಿರುಗಿಸಿದಳು. “ಲುಕ್ ಹಿಯರ್, ಬೇಟಾ.”

ಆಮೇಲೆ ಆಗಬೇಕಾದದ್ದು ಆಯಿತು. ಚಡ್ಡಿ ತೊಯ್ದು ಕುರ್ಚಿಯಿಂದ ನೆಲಕ್ಕೆ ಇಳಿಯಿತು. ವಾಸನೆ ಕೋಣೆ ತುಂಬಿತು. ನಿಶಾ ಹಿಂದಕ್ಕೆ ಜಿಗಿದಳು. ತಾರಾನಾಥರು ಕರವಸ್ತ್ರ ತೆಗೆದರು. ಪ್ರೊಫೆಸರರು ಫೋನು ನೋಡತೊಡಗಿದರು. ಮಿಕ್ಕವರೆಲ್ಲ ಒಟ್ಟಿಗೆ ಪೂನಂ ಕಡೆ ನೋಡಿದರು.

“ಪೂನಂ,” ಎಂದರು ಮೇಡಂ. ಅಷ್ಟೇ ಸಾಕಿತ್ತು ಇಷ್ಟು ದಿನ.

ಪೂನಂ ಕೂತೇ ಇದ್ದಳು.

“ಪೂನಂ, ಕೇಳಸ್ಲಿಲ್ಲೇನು? ಒಳಗ ಕರಕೊಂಡು ಹೋಗು.”

“ಪಾಠ ನಿಶಾಂದು ನಡದದರಿ.”

“ಏನಂದಿ?”

“ಪಾಠ ನಿಶಾಂದು ಅಂದೆ. ಹುಡುಗ ಈಗ ಆಕಿ ಕೈಯಾಗಿದ್ದಾನ. ಇದನ್ನೂ ಆಕೀನ ಮಾಡ್ಲಿ. ಇದೂ ನಮ್ಮ ಸಿಲೆಬಸ್ಸಿನಾಗ ಅದ.”

“ಮೇರೆ ಸೆ ನಹೀ ಹೋಗಾ, ಮೇಡಂ,” ಎಂದಳು ನಿಶಾ. ದುಪಟ್ಟ ಮೂಗಿಗೆ ಹೋಗಿತ್ತು.

ಪ್ರೊಫೆಸರರು ತಲೆ ಎತ್ತಿದರು. “ಏನ್ರೀ ಇದು? ಆಯಾ ಇಲ್ವಾ ಇಲ್ಲಿ?”

“ಇದ್ದಾಳ್ರಿ ಸರ್,” ಎಂದರು ಪ್ರಭಾ ಮೇಡಂ. ಹೇಳುತ್ತ ಪೂನಂಳನ್ನು ನೋಡಿದರು.

ಪೂನಂ ಎದ್ದು ನಿಂತಳು.

“ನಾನು ಆಯಾ ಅಲ್ಲರಿ ಸರ್. ಎಂ.ಎಡ್. ವಿದ್ಯಾರ್ಥಿ. ನಾಳೆ ನನ್ನ ಪರೀಕ್ಷಾ ತಗೊಳ್ಳಾವ್ರು ನೀವ.”

“ಎಂತ ಇದು ಪ್ರಭಾ ಮೇಡಂ?” ಎಂದರು ತಾರಾನಾಥರು. “ಗೆಸ್ಟ್ ಎದುರು ಇದೆಂತ ನಾಟಕ?”

“ಏನಿಲ್ರಿ ಸರ್. ಹುಡುಗಿ ಸ್ವಲ್ಪ... ಪೂನಂ, ಆಮ್ಯಾಲ ಮಾತಾಡೂಣ. ಮೊದಲು ಎತ್ತು ಅದನ್ನ.”

“ನಾನ ಯಾಕರಿ ಮೇಡಂ?”

“ಯಾಕಂದ್ರ? ದಿನಾ ನೀನ ಮಾಡ್ತೀದಿ.”

“ದಿನಾ ನಾನ ಯಾಕ ಮಾಡ್ತೀನಿ? ಮೊದಲನೇ ದಿನದಿಂದ ನನ್ನ ಯಾಕ ಹಚ್ಚೀರಿ? ನಿಶಾನ ಯಾಕ ಹಚ್ಚಲಿಲ್ಲ? ಅನ್ನದ ಹತ್ರ ನನ್ನ ಯಾಕ ಬಿಡಲಿಲ್ಲ? ಬಾಯಿ ಬಿಟ್ಟು ಹೇಳ್ರಿ. ಸರ್ ಮುಂದ ಹೇಳ್ರಿ. ಉದ್ದ ಏನಿಲ್ಲ, ಒಂದ ಶಬ್ದ ಅದ. ನೀವು ಅದನ್ನ ಹೇಳ್ರಿ, ನಾ ಈಗಿಂದೀಗ ತೊಳೀತೀನಿ.”

ಯಾರೂ ಹೇಳಲಿಲ್ಲ. ಅಷ್ಟು ಓದಿದವರು ಕೂತಿದ್ದ ಕೋಣೆ. ಒಬ್ಬರ ಬಾಯಿಗೂ ಆ ಶಬ್ದ ಬರಲಿಲ್ಲ. ಎಲ್ಲರಿಗೂ ಗೊತ್ತಿತ್ತು. ಪ್ರೊಫೆಸರರಿಗೂ ಆಗ ಗೊತ್ತಾಯಿತು. ಅವರು ಮತ್ತೆ ಫೋನು ನೋಡಿದರು.

ಕಿಟ್ಟು ಅಳುತ್ತಿದ್ದ. ಎರಡೂ ಕೈ ಪೂನಂ ಕಡೆ ಚಾಚಿದ. “ಟೀ,” ಎಂದ. “ಟೀ, ಟೀ.”

ಪೂನಂ ಕುರ್ಚಿಯ ಬೆನ್ನು ಗಟ್ಟಿಯಾಗಿ ಹಿಡಿದಳು. ಸುಲಿದ ಬೆರಳು ಉರಿದವು. ಅವನ ಕಡೆ ನೋಡಿದರೆ ಕಾಲು ತಾನಾಗಿ ಹೋಗುತ್ತವೆ ಎಂದು ಗೋಡೆ ನೋಡಿದಳು.

“ಇವನ ತಾಯೀನ್ನ ಕರೀರಿ,” ಎಂದರು ಮೇಡಂ.

ವಾರಿಜಾ ಓಡಿಬಂದಳು. ಬಾಗಿಲಲ್ಲೇ ಕೈ ಮುಗಿದಳು. “ಸಾರಿ ಸರ್. ಸಾರಿ ಧಣಿ. ಹೀಗೆ ಮಾಡುದಿಲ್ಲ ಅವನು, ಇವತ್ತು ಎಂತ ಆಯ್ತೋ,” ಎನ್ನುತ್ತ ಮಗನನ್ನು ಎತ್ತಿಕೊಂಡಳು. ಅವಳ ಸೀರೆ ಹಾಳಾಯಿತು. ಹಾಳಾದ ಸೆರಗನ್ನೇ ಎಳೆದು, ಬಗ್ಗಿ ನೆಲ ಒರೆಸಿದಳು. ತಾರಾನಾಥರ ಬೂಟಿನ ಪಕ್ಕದಲ್ಲಿ ಒರೆಸಿದಳು. ಅವರು ಕಾಲು ಮಾತ್ರ ಎತ್ತಿಕೊಂಡರು.

ಹೊರಗೆ ಹೋಗುವಾಗ ವಾರಿಜಾ ಪೂನಂಳ ಮುಂದೆ ನಿಂತಳು.

“ನೀವು ಸಹ ಹೀಗೆ ಮಾಡಿದ್ರಾ ಟೀಚರ್?”

ಫ್ಯಾನು ಜೋರು ಮಾಡಿದರು. ಪ್ರೊಫೆಸರರು ಮುಂದುವರಿಸಿ ಎಂದರು. ನಿಶಾ ಖಾಲಿ ಕುರ್ಚಿಯ ಮುಂದೆ ನಿಂತು, ಮಗು ಇದ್ದಿದ್ದರೆ ಏನು ಮಾಡುತ್ತಿದ್ದೆ ಎಂದು ಇಂಗ್ಲಿಷಿನಲ್ಲಿ ವಿವರಿಸಿದಳು. ಒಳ್ಳೆಯ ಪಾಠ ಎಂದರು.

ಪೂನಂ ಹಿಂದಿನ ನಳದ ಹತ್ತಿರ ಹೋದಳು. ವಾರಿಜಾ ಮಗನನ್ನು ಕಟ್ಟೆಯ ಮೇಲೆ ನಿಲ್ಲಿಸಿ ತೊಳೆಯುತ್ತಿದ್ದಳು. ಅವನ ಕಾಲು ಜಾರುತ್ತಿದ್ದವು. ಒಂದು ಕೈಯಲ್ಲಿ ಹಿಡಿದು ಒಂದು ಕೈಯಲ್ಲಿ ತೊಳೆಯುವುದು ಅವಳಿಗೆ ಆಗುತ್ತಿರಲಿಲ್ಲ. ಪೂನಂ ಏನೂ ಹೇಳದೆ ಅವನ ಎರಡೂ ಬಗಲಿಗೆ ಕೈ ಕೊಟ್ಟು ಹಿಡಿದಳು. ನೀರು ಇಬ್ಬರ ಮೇಲೂ ಬಿತ್ತು.

“ನನಗೆ ನಿಮ್ಮ ಮೇಲೆ ಸಿಟ್ಟು ಬಂತು,” ಎಂದಳು ವಾರಿಜಾ. “ಅವರ ಮೇಲೆ ಸಿಟ್ಟು ಮಾಡುವ ಧೈರ್ಯ ನನಗಿಲ್ಲ. ಅದಕ್ಕೆ ನಿಮ್ಮ ಮೇಲೆ ಬಂತು.”

“ಬರ್ಲಿ ಬಿಡ್ರಿ,” ಎಂದಳು ಪೂನಂ.

ಸಂಜೆ ಮೇಡಂ ಕರೆದು, ನಾಳೆ ಬರುವುದು ಬೇಡ ಎಂದರು. ಮಗುವನ್ನು ಹೊಲಸಿನಲ್ಲಿ ಬಿಟ್ಟಳು, ಟ್ರಸ್ಟಿನ ಅಧ್ಯಕ್ಷರೆದುರು ಅವಿಧೇಯತೆ ತೋರಿದಳು, ಇಂಥವಳು ವಿಶೇಷ ಮಕ್ಕಳ ಶಿಕ್ಷಕಿಯಾಗಲು ಯೋಗ್ಯಳಲ್ಲ ಎಂದು ಕಾಲೇಜಿಗೆ ಹೇಳಿದರು. ತರಬೇತಿಯಲ್ಲಿ ಪೂನಂ ಫೇಲು.

ಪೂನಂ ಕಾಲೇಜಿನಲ್ಲಿ ದೂರು ಕೊಟ್ಟಳು. ಪ್ರಿನ್ಸಿಪಾಲರು ಮೊದಲು ಬುದ್ಧಿ ಹೇಳಿದರು. ಆಮೇಲೆ ಹೆದರಿಸಿದರು. ಅವಳು ಎದ್ದು ಹೋಗದೆ ಕೂತದ್ದು ನೋಡಿ ಒಂದು ಸಮಿತಿ ಮಾಡಿದರು. ಅಧ್ಯಕ್ಷೆ ಮರಾಠಿ ಹೆಂಗಸು. ಸಮಿತಿಯಲ್ಲಿ ಗುರುನಾಥ ಎಂಬ ಕನ್ನಡದ ಪ್ರಾಧ್ಯಾಪಕರೂ ಇದ್ದರು.

“ಯಾರಾದರೂ ಜಾತಿಯ ಹೆಸರು ಎತ್ತಿದರಾ?” ಎಂದು ಅಧ್ಯಕ್ಷೆ ಮರಾಠಿಯಲ್ಲಿ ಕೇಳಿದಳು.

“ಇಲ್ಲ,” ಎಂದಳು ಪೂನಂ.

“ಬೈದರಾ?”

“ಇಲ್ಲ.”

“ಮತ್ತೆ?”

ಆ ‘ಮತ್ತೆ’ಗೆ ಪೂನಂ ಉತ್ತರ ಹೇಳಿದಳು. ಕಾಗದದ ಲೋಟ, ಹೊರಗಿನ ಮೆಟ್ಟಿಲು, ತೊಳೆಯುವ ಕೆಲಸ. ಒಂದೊಂದು ಹೇಳಿದಾಗಲೂ ಅದು ಸಣ್ಣದಾಗಿ ಕೇಳಿಸಿತು. ಇಷ್ಟಕ್ಕೇ ಬಂದೆಯಾ ಎನ್ನುವ ಹಾಗೆ ಅವರು ಕೂತಿದ್ದರು.

ಪ್ರಭಾ ಮೇಡಂ ತಮ್ಮ ಕಡೆಯ ಸಾಕ್ಷಿಯೆಂದು ವಾರಿಜಾಳನ್ನು ಕರೆಸಿದ್ದರು. ಮಗುವನ್ನು ಹೊಲಸಿನಲ್ಲಿ ಬಿಟ್ಟಿದ್ದನ್ನು ತಾಯಿಯೇ ಹೇಳಲಿ ಎಂದು. ಗಂಡ ತಾರಾನಾಥರ ಹೋಟೆಲಿನಲ್ಲಿರುವಾಗ ಅವಳು ಬೇರೇನು ಹೇಳಿಯಾಳು ಎಂಬ ಧೈರ್ಯ. ವಾರಿಜಾ ಕಿಟ್ಟುವನ್ನು ಸೊಂಟದ ಮೇಲಿಟ್ಟುಕೊಂಡೇ ಬಂದಳು. ಅವಳ ಹಿಂದಿ ತಡವರಿಸಿತು. ಗುರುನಾಥರು ಕನ್ನಡದಲ್ಲೇ ಹೇಳಿ ಎಂದರು.

“ಜಾತಿ ಹೆಸರು ಆ ದಿನ ಯಾರೂ ಹೇಳ್ಲಿಲ್ಲ,” ಎಂದಳು ವಾರಿಜಾ.

ಪ್ರಭಾ ಮೇಡಂ ಕುರ್ಚಿಗೆ ಒರಗಿದರು.

“ಹೇಳುವ ಅಗತ್ಯ ಇರ್ಲಿಲ್ಲ. ಮೊದಲೇ ಹೇಳಿ ಆಗಿತ್ತಲ್ಲ. ಪೂನಂ ಟೀಚರ್ ಬಂದ ವಾರವೇ ಮೇಡಂ ನಮ್ಮನ್ನೆಲ್ಲ ಕೂರಿಸಿ ಹೇಳಿದ್ದು. ಹೊಸ ಹುಡುಗಿ ಆ ಜಾತಿಯವಳು, ತೊಳೆಯುವುದಕ್ಕೆ ಮಾತ್ರ ಇಡ್ತೇವೆ, ಮಕ್ಕಳ ಊಟದ ಹತ್ತಿರ ಬಿಡುದಿಲ್ಲ, ನೀವು ಹೆದರಬೇಡಿ ಅಂತ. ಆಯ್ತು ಅಂದೆ ನಾನು. ಒಳ್ಳೇದಾಯ್ತು ಅಂತಲೂ ಅಂದೆ. ಮಗನನ್ನು ಹಿಡ್ಕೊಂಡು ಸುಳ್ಳು ಹೇಳುದಿಲ್ಲ.”

ಅಧ್ಯಕ್ಷೆ ಗುರುನಾಥರ ಕಡೆ ತಿರುಗಿದಳು. ಏನಂತೆ?

ಗುರುನಾಥರು ಕನ್ನಡಕ ಸರಿಮಾಡಿಕೊಂಡರು. ಮರಾಠಿಯಲ್ಲಿ ಹೇಳಿದರು: “ಜಾತಿಯ ಉಲ್ಲೇಖ ಆಗಿಲ್ಲ ಅಂತ ಹೇಳುತ್ತಿದ್ದಾರೆ.”

“ಪೂರಾ ಹೇಳ್ರಿ ಸರ್,” ಎಂದಳು ಪೂನಂ.

“ನೀನು ಸುಮ್ಮನಿರು. ನಿನ್ನ ಸರದಿ ಮುಗಿದಿದೆ.”

ಪೂನಂ ಎದ್ದಳು. ವಾರಿಜಾ ಹೇಳಿದ್ದನ್ನು ಮೊದಲಿನಿಂದ ಕೊನೆಯವರೆಗೆ ಮರಾಠಿಯಲ್ಲಿ ಹೇಳಿದಳು. ಒಳ್ಳೆಯದಾಯಿತು ಎಂದಿದ್ದೆ ಎಂಬ ಮಾತನ್ನೂ ಬಿಡಲಿಲ್ಲ. ಅದನ್ನು ಹೇಳುವಾಗ ಮಾತ್ರ ಅವಳ ದನಿ ಒಡೆಯಿತು. ವಾರಿಜಾ ತಲೆ ತಗ್ಗಿಸಲಿಲ್ಲ. ಕಿಟ್ಟುವಿನ ಮೂಗು ಒರೆಸಿದಳು.

ಆದರೂ ಸಮಿತಿ ಹೇಳಿದ್ದು ಒಂದೇ. ಇದು ಗೈರಸಮಜ. ತಪ್ಪು ತಿಳಿವಳಿಕೆ. ಪೂನಂ ಹಾಗೆಂದು ಒಪ್ಪಿಕೊಂಡು ದೂರು ವಾಪಸು ತೆಗೆದುಕೊಂಡರೆ ಮುಂದಿನ ವಾರವೇ ಪರೀಕ್ಷೆ ಮಾಡಿ ಎಲ್ಲರ ಜೊತೆ ಪಾಸು ಮಾಡುತ್ತಾರೆ. ಇಲ್ಲದಿದ್ದರೆ ತರಬೇತಿ ಇಡೀ ವರ್ಷ ಮತ್ತೆ.

“ತಪ್ಪು ತಿಳದು ಮಾಡಿಲ್ಲರಿ,” ಎಂದಳು ಪೂನಂ ಗುರುನಾಥರಿಗೆ, ಕನ್ನಡದಲ್ಲೇ. “ಸರಿಯಾಗಿ ತಿಳಕೊಂಡ ಮಾಡ್ಯಾರ. ನೀವೂ ಸರಿಯಾಗಿ ತಿಳಕೊಂಡ ಬಿಟ್ಟು ಹೇಳಿದ್ರಿ.”

ಅವಳು ದೂರು ವಾಪಸು ತೆಗೆದುಕೊಳ್ಳಲಿಲ್ಲ. ವರ್ಷ ಹೋಯಿತು.

ವೀರಭದ್ರಪ್ಪ ಸುದ್ದಿ ಕೇಳಿ ಗೋಡೆಗೆ ಮುಖ ಮಾಡಿ ಮಲಗಿದ. ಮಹಾದೇವಕ್ಕ ಮಗಳ ಜೊತೆ ಮಾತು ಬಿಟ್ಟಳು. ಹೊತ್ತಿಗೆ ರೊಟ್ಟಿ ಬಡಿದು ಹಾಕುತ್ತಿದ್ದಳು, ಅಷ್ಟೇ. ಒಂದು ಬೆಳಿಗ್ಗೆ ಕೆಲಸಕ್ಕೆ ಹೊರಟವಳು ಹೊಸ್ತಿಲಲ್ಲಿ ನಿಂತು, ತಿರುಗಿ ನೋಡದೆ ಹೇಳಿದಳು:

“ಇನ್ನೊಂದು ವರ್ಷ ನಾ ತೊಳೀತೀನಿ. ನೀ ಓದು.”

ಅದನ್ನು ಕೇಳಿ ಪೂನಂಗೆ ಸಂತೋಷವಾಗಲಿಲ್ಲ. ಬಾಗಿಲು ಹಾಕಿಕೊಂಡು ಅತ್ತಳು.

ಮರುವರ್ಷ ಅವಳ ತರಬೇತಿ ನವಿ ಮುಂಬೈಯ ಬೇರೊಂದು ಕೇಂದ್ರದಲ್ಲಾಯಿತು. ಅಲ್ಲಿ ತೊಳೆಯುವ ಕೆಲಸಕ್ಕೆ ಎಲ್ಲರಿಗೂ ಪಾಳಿ ಇತ್ತು. ಅವಳು ಪಾಠ ಮಾಡಿದಳು. ಪಾಸಾದಳು. ಅಷ್ಟರಲ್ಲಿ ನಿಶಾ ಡೊಂಬಿವ್ಲಿಯ ಕೇಂದ್ರದಲ್ಲಿ ಪ್ರಭಾ ಮೇಡಂ ಪಕ್ಕದ ಕುರ್ಚಿಗೆ ಬಂದಿದ್ದಳು. ಅವಳ ಪಾಠಗಳ ವಿಡಿಯೋಗಳನ್ನು ಕಾಲೇಜಿನಲ್ಲಿ ಹೊಸಬರಿಗೆ ತೋರಿಸುತ್ತಿದ್ದರು.

ವಾರಿಜಾಳ ಸುದ್ದಿ ಪೂನಂಗೆ ತಡವಾಗಿ ತಿಳಿಯಿತು. ಸಮಿತಿಯ ಮುಂದೆ ಮಾತಾಡಿದ ಕೆಲವೇ ದಿನಗಳಲ್ಲಿ ಅವಳ ಗಂಡನಿಗೆ ಹೋಟೆಲಿಗೆ ಬರಬೇಡ ಎಂದರು. ಕಿಟ್ಟುವಿಗೆ ಕೇಂದ್ರದಲ್ಲಿ ಜಾಗ ಇಲ್ಲ ಎಂದರು. ಗಂಡನಿಗೆ ಶಹಾಡಿನ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಕೆಲಸ ಸಿಕ್ಕಿತು. ಬಾಡಿಗೆ ಕಡಿಮೆಯೆಂದು ಟಿಟ್ವಾಳಾಕ್ಕೆ ಹೋದರು. ಫೋನು ಮಾಡಿದರೆ ಎತ್ತುತ್ತಿರಲಿಲ್ಲ. ಪೂನಂ ಪಾಸಾದ ಮೇಲೆ ಒಂದು ದಿನ ತಾನಾಗಿ ವಾರಿಜಾಳ ಫೋನು ಬಂತು. “ಗಂಡನಿಗೆ ನಿಮ್ಮ ಹೆಸರು ಎತ್ತಿದ್ರೆ ಆಗುದಿಲ್ಲ. ಅದಕ್ಕೆ ಫೋನು ಎತ್ತಲಿಲ್ಲ. ಅವರು ಡ್ಯೂಟಿಗೆ ಹೋದ ಮೇಲೆ ಬನ್ನಿ ಟೀಚರ್.”

ಪೂನಂ ಆ ಭಾನುವಾರ ಕಲ್ಯಾಣ ದಾಟಿ ಟಿಟ್ವಾಳಾಕ್ಕೆ ಹೋದಳು. ಗಣಪತಿ ಗುಡಿಗೆ ಹೊರಟ ಜನ ಗಾಡಿಯ ತುಂಬ ಇದ್ದರು. ಸ್ಟೇಷನ್ನಿನಿಂದ ಬಹಳ ಒಳಗೆ, ಹೊಸ ಕಟ್ಟಡಗಳ ಹಿಂದಿನ ಚಾಳಿನ ಸಾಲುಮನೆಗಳಲ್ಲಿ ಒಂದು ಕೋಣೆ. ಬಾಗಿಲು ತೆರೆದೇ ಇತ್ತು.

ಕಿಟ್ಟು ಕಿಟಕಿಯ ಕೆಳಗೆ ಕೂತಿದ್ದ. ಹಳೆಯ ಸೀರೆಯ ಅಂಚಿನಿಂದ ಅವನ ಸೊಂಟವನ್ನು ಕಿಟಕಿಯ ಸರಳಿಗೆ ಕಟ್ಟಿದ್ದರು. ಮೈ ಬೆಳೆದಿತ್ತು. ಕಾಲು ಇನ್ನಷ್ಟು ಬಿಗಿದು ಒಂದರ ಮೇಲೊಂದು ಏರಿದ್ದವು. ಕೆಳಗೆ ಡಯಪರು. ಅದು ತುಂಬಿತ್ತು. ಅವನು ಅಳುತ್ತಿರಲಿಲ್ಲ. ಕರೆಯುತ್ತಿರಲಿಲ್ಲ. ಸುಮ್ಮನೆ ಅದರಲ್ಲೇ ಕೂತಿದ್ದ.

ವಾರಿಜಾ ಪಕ್ಕದ ಮನೆಯಿಂದ ಓಡಿಬಂದಳು. ಕೈಗೆ ಹಿಟ್ಟು ಅಂಟಿತ್ತು.

“ಚಪಾತಿ ಲಟ್ಟಿಸುವ ಕೆಲಸ ಹಿಡಿದಿದ್ದೇನೆ ಟೀಚರ್. ಬೆಳಿಗ್ಗೆ ಇವನನ್ನು ಕಟ್ಟಿಯೇ ಹೋಗುದು. ಇಲ್ಲದಿದ್ರೆ ಉರುಳಿ ಮೋರಿಗೆ ಬೀಳ್ತಾನೆ. ಇಲ್ಲಿ ಹತ್ತಿರ ಅಂಥ ಶಾಲೆ ಒಂದೂ ಇಲ್ಲ. ದೂರ ಹೊತ್ಕೊಂಡು ಹೋಗ್ಲಿಕ್ಕೆ ಈಗ ಭಾರ ಆಗಿದ್ದಾನೆ.” ಅವಳು ಮಗನ ಕಡೆ ನೋಡಿದಳು. “ನೀವು ಕಲಿಸಿದ್ದೆಲ್ಲ ಹೋಯ್ತು.”

ಪೂನಂ ಚೀಲ ಹಿಡಿದು ನಿಂತೇ ಇದ್ದಳು.

“ಆ ದಿನ ನೀವು ಎದ್ದು ತೊಳೆದಿದ್ರೆ...” ಎಂದು ವಾರಿಜಾ ಶುರು ಮಾಡಿ ನಿಲ್ಲಿಸಿದಳು.

“ಕಮಿಟಿ ಮುಂದ ನೀವು ಸುಳ್ಳು ಹೇಳಿದ್ದಿದ್ರ...” ಎಂದಳು ಪೂನಂ.

“ಹೌದು,” ಎಂದಳು ವಾರಿಜಾ. “ನಾವಿಬ್ಬರೂ ಬಾಯಿ ಮುಚ್ಕೊಂಡಿದ್ದಿದ್ರೆ ಹುಡುಗ ಈಗ ನಡೀತಿದ್ದ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಹೊರಗೆ ಯಾರೋ ನಳಕ್ಕೆ ಜಗಳವಾಡುತ್ತಿದ್ದರು.

ಪೂನಂಗೆ ಕಳೆದುಹೋದ ವರ್ಷವನ್ನು ಮತ್ತೆ ಓದಲು ಕೊಟ್ಟಿದ್ದರು. ಕಿಟ್ಟುವಿಗೆ ಆ ವಯಸ್ಸನ್ನು ಯಾರೂ ಮತ್ತೆ ಕೊಡುವುದಿಲ್ಲ. ಇದನ್ನು ಅವಳು ಪುಸ್ತಕದಲ್ಲಿ ಓದಿದ್ದಳು. ಅದೇ ವಿಷಯದಲ್ಲಿ ಡಿಗ್ರಿ ತೆಗೆದುಕೊಂಡಿದ್ದಳು.

“ನೀರು ಕಾಯಿಸ್ರಿ,” ಎಂದಳು.

ವಾರಿಜಾ ಸ್ಟವ್ ಹಚ್ಚಿದಳು. ಪೂನಂ ಸೀರೆಯ ಗಂಟು ಬಿಚ್ಚಿದಳು. ಬಿಗಿದ ಗಂಟು, ಹಲ್ಲಿನಿಂದ ಎಳೆಯಬೇಕಾಯಿತು. ಕಿಟ್ಟು ಅವಳ ಮುಖ ನೋಡಿದ. ಗುರುತು ಹತ್ತಲಿಲ್ಲ. ಹೊಸಬಳನ್ನು ಕಂಡು ಹೆದರಿದವನಂತೆ ಗೋಡೆಯ ಮೂಲೆಗೆ ಸರಿದ. ಅವಳು ಬಲವಂತ ಮಾಡಲಿಲ್ಲ. ಸ್ವಲ್ಪ ದೂರದಲ್ಲಿ ನೆಲದ ಮೇಲೆ ಕೂತಳು. ಎರಡೂ ಕೈ ಮುಂದಕ್ಕೆ ಚಾಚಿದಳು.

ನೀರು ಕಾದು ಆರಿತು. ವಾರಿಜಾ ಮತ್ತೆ ಕಾಯಿಸಿದಳು.

ಕಿಟ್ಟು ಬರಲಿಲ್ಲ. ಪೂನಂ ಏಳಲಿಲ್ಲ.